ಕಲ್ಲಿಗೆ ಋತುವಿಲ್ಲ

ಹಂಸಾ ಕಾರಿನ ಹಿಂದಿನ ಸೀಟಿನಲ್ಲಿ ಮೂರನೇ ಸಲ ಬಟ್ಟೆ ಬದಲಾಯಿಸುತ್ತಿದ್ದಾಗ ಯಾರೋ ಕಿಟಕಿ ತಟ್ಟಿದರು. ಚರ್ಚಿನ ಮುದುಕಿ. ಬೆಳಿಗ್ಗೆ ಹಂಸಾಳಿಗೂ ಗಂಡ ಮಿಥುನ್‌ಗೂ ಬಾಗಿಲು ತೆರೆದುಕೊಟ್ಟವಳು.

"ಹತ್ತು ಗಂಟೆಗೆ ಕೆಂಪು ಕೋಟು. ಹನ್ನೊಂದಕ್ಕೆ ಹಳದಿ ಅಂಗಿ. ಈಗ ಈ ನೀಲಿ ಸೀರೆ," ಎಂದಳು ಮುದುಕಿ. "ನನ್ನದೇನೂ ತಕರಾರಿಲ್ಲ. ನಮ್ಮ ಮನೆ ಬಾಡಿಗೆಗಿದ್ದವರೂ ಹೀಗೇ ಫೋಟೋ ತೆಗೀತಿದ್ದರು, ಗಂಡ-ಹೆಂಡತಿ ಅಂತ ವೀಸಾದವರಿಗೆ ತೋರಿಸೋಕೆ. ಒಂದೇ ದಿನದಲ್ಲಿ ಎರಡು ವರ್ಷದ ಸಂಸಾರ."

ಮಿಥುನ್ ಟ್ರೈಪಾಡ್ ಮಡಚುತ್ತಾ ನಕ್ಕ. "ನಾವು ಮದುವೆಯಾಗಿ ಒಂಬತ್ತು ವರ್ಷ."

"ಅವರೂ ಹಾಗೇ ಅಂತಿದ್ದರು."

ಮುದುಕಿ ಹೊರಟುಹೋದಳು. ಅವಳ ಸಂಶಯ ಪೂರ್ತಿ ಸುಳ್ಳೇನಲ್ಲ. ಡ್ಯಾಶ್‌ಬೋರ್ಡಿಗೆ ಹಂಸಾ ಒಂದು ಚೀಟಿ ಅಂಟಿಸಿದ್ದಳು: ಗೌರಿ ಹಬ್ಬ, ದಸರಾ, ದೀಪಾವಳಿ, ಸಂಕ್ರಾಂತಿ. ಮೊದಲನೆಯದಕ್ಕೂ ಕೊನೆಯದಕ್ಕೂ ಆಗಲೇ ಗೀಟು ಬಿದ್ದಿತ್ತು. ಹೊರಗೆ ಮಾತ್ರ ಫೆಬ್ರವರಿಯ ಒಂದು ಶನಿವಾರ.

ತಾವಿರುವ ಶೆಫೀಲ್ಡಿನಿಂದ ಒಂದು ಗಂಟೆ ದೂರದ, ಡಾರ್ಬಿಶೈರಿನ ಈ ಹಳ್ಳಿಯನ್ನು ಹುಡುಕಿದ್ದೂ ಅವಳೇ. ಪಾರ್ಕು ಬೇಡ ಎಂದಿದ್ದಳು. ಬೋಳು ಮರಗಳು ತಿಂಗಳನ್ನು ಹೇಳಿಬಿಡುತ್ತವೆ. ಇಲ್ಲಿ ಎಂಟುನೂರು ವರ್ಷದ ಚರ್ಚಿದೆ, ಕುದುರೆಗಳ ಮೇಲೆ ಉಪ್ಪು ಸಾಗಿಸುತ್ತಿದ್ದ ಕಾಲದ ಸೇತುವೆಯಿದೆ, ಸೂರು ಕಳೆದುಕೊಂಡ ಕೋಟೆಯಿದೆ. ಎಲ್ಲಿ ತಿರುಗಿದರೂ ಗೋಡೆ.

"ಮರ ಬರಬಾರದು, ಆಕಾಶ ಬರಬಾರದು," ಎಂದಳು ಸೇತುವೆಯ ಕಲ್ಲಿಗೆ ಒರಗಿ ನಿಂತು. "ಕಲ್ಲಿಗೆ ಋತುವಿಲ್ಲ."

ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಮಿಥುನ್ ಬಂದು ಅವಳ ವಿಗ್ ಸರಿಪಡಿಸಿದ. ಅವನ ಬೆರಳುಗಳು ಅವಳ ಕಿವಿಯ ಹತ್ತಿರ ಒಂದು ಕ್ಷಣ ಹೆಚ್ಚೇ ನಿಂತವು.

ಜನವರಿಯಲ್ಲಿ ಡಾಕ್ಟರು ಕೀಮೋ ನಿಲ್ಲಿಸಿದ್ದರು. ಜೂನ್ ದಾಟುವುದು ಕಷ್ಟ ಎಂದಿದ್ದರು. ಹಂಸಾ ಸ್ವತಃ ಡಾಕ್ಟರು. ಆ ವಾಕ್ಯವನ್ನು ಎಷ್ಟೋ ಜನರಿಗೆ ಅಷ್ಟೇ ಮೆಲ್ಲಗೆ ಹೇಳಿದ್ದಳು. ಹಾಗಾಗಿ ಮರುಪ್ರಶ್ನೆ ಕೇಳಲಿಲ್ಲ. ಉಳಿದಿದ್ದು ಒಂದೇ ಕೆಲಸ. ಮೈಸೂರಿನಲ್ಲಿ ಅಮ್ಮನಿಗೆ ಇದು ತಿಳಿಯಬಾರದು. ಅಮ್ಮ ಅಂಬುಜಮ್ಮನ ಹೃದಯ ಮೊದಲೇ ಅರ್ಧ ಸೋತಿದೆ. ತಾನು ಸತ್ತ ಮೇಲೂ ಹಬ್ಬಕ್ಕೊಂದು ಫೋಟೋ ಹೋಗುತ್ತಿರಬೇಕು. ಮಿಥುನ್ ಕಳಿಸುತ್ತಾನೆ. ತಮ್ಮ ಪ್ರಶಾಂತನಿಗೆ ಮಾತ್ರ ವಿಷಯ ಹೇಳಿದ್ದಳು, ಆಣೆ ಹಾಕಿಸಿಕೊಂಡು.

ವಿಡಿಯೋ ಕಾಲ್ ತಪ್ಪಿಸುವುದೇ ದೊಡ್ಡ ಗಂಡಾಂತರ ಎಂದುಕೊಂಡಿದ್ದಳು. ಆದರೆ ನವೆಂಬರಿನಲ್ಲಿ, ಆಸ್ಪತ್ರೆಯ ಡ್ಯೂಟಿ ಸಮಯ ಬದಲಾಗಿದೆ, ಕಾಲ್ ಆಗಲ್ಲ ಎಂದು ಬರೆದಾಗ ಅಮ್ಮ ಜಗಳವನ್ನೇ ಆಡಲಿಲ್ಲ. 'ಬೇಡ ಬಿಡು ಮಗಳೇ, ಫೋಟೋ ಹಾಕು ಸಾಕು. ನಾನೂ ಹಾಕ್ತೀನಿ.' ಅಂದಿನಿಂದ ಹದಿನೈದು ದಿನಕ್ಕೊಂದು ಫೋಟೋ ಬರುತ್ತಿತ್ತು. ಪ್ರತಿ ಸಲ ಬೇರೆ ಸೀರೆ, ಹಿಂದೆ ಬಿಳಿ ಗೋಡೆ.

"ಅಮ್ಮನಿಗೆ ಈ ವಯಸ್ಸಲ್ಲಿ ಶೋಕಿ ಹತ್ತಿದೆ ಕಣೋ," ಎಂದಳು. "ಮನೇಲಿ ಸುಮ್ನೆ ಕೂತಿರೋಕೂ ರೇಷ್ಮೆ ಸೀರೆ."

ಮಿಥುನ್ ಫೋನಿನ ಲೆನ್ಸ್ ಒರೆಸಿದ. ಮತ್ತೆ ಒರೆಸಿದ.

"ಈ ಸೇತುವೆ ಯಾವ ಶತಮಾನದ್ದು ಅಂತ ಬರೆದಿಟ್ಟುಕೋ. ಅಮ್ಮ ಹಿಸ್ಟರಿ ಟೀಚರು, ಕೇಳೇ ಕೇಳ್ತಾಳೆ."

"ಕೇಳಲ್ಲ ಬಿಡು."

"ಅಮ್ಮನ ವಿಷಯ ನಿನಗೇನೋ ಗೊತ್ತು? ಹೆಣ್ಣು ನೋಡೋಕೆ ಬಂದವನಿಗೆ ಪಾಣಿಪತ್ ಕದನದ ಇಸವಿ ಕೇಳಿ ನಪಾಸು ಮಾಡಿದವಳು."

"ನಪಾಸಾದವನಿಗೇ ಮಗಳನ್ನ ಕೊಟ್ಟರಲ್ಲ."

"ಅದು ಗ್ರೇಸ್ ಮಾರ್ಕ್ಸು."

ಅವನು ನಕ್ಕು ಹೊಳೆಯ ಕಡೆ ತಿರುಗಿದ. ಇತ್ತ ತಿರುಗಲು ಬಹಳ ಹೊತ್ತು ಹಿಡಿಯಿತು. ಗಾಳಿ, ಕಣ್ಣಿಗೆ ಧೂಳು ಎಂದ. ಅಲ್ಲಿ ಎಲ್ಲವೂ ಒದ್ದೆಯಾಗಿತ್ತು, ಧೂಳೆಲ್ಲಿಂದ ಬರಬೇಕು?

ಕೋಟೆಗೆ ನಲವತ್ತು ಮೆಟ್ಟಿಲು. ಹಂಸಾ ನಾಲ್ಕು ಕಡೆ ಕೂತಳು. ಮೇಲೆ ಸೂರಿಲ್ಲದ ಹಜಾರ, ಹೊಗೆಗೆ ಕಪ್ಪಾದ ಒಲೆಯ ಗೂಡು. ಮದುವೆಯ ಶಾಲು ಹೊದ್ದು ಅದರ ಮುಂದೆ ನಿಂತಳು.

"ದೀಪಾವಳಿ ಹೊತ್ತಿಗೆ ನಾನು..." ಎಂದು ಶುರುಮಾಡಿದಳು.

"ನಗು, ಹಂಸಾ."

ನಕ್ಕಳು. ಅವನು ಇಪ್ಪತ್ತು ಫೋಟೋ ತೆಗೆದ.

"ಸಾಕು ಮಾರಾಯ. ಅಮ್ಮನಿಗೆ ಒಂದು ಸಾಲದೇನೋ?"

"ಇರಲಿ. ನನಗೆ."

ಕಾರಿಗೆ ಮರಳುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿತ್ತು. ಮಿಥುನ್ ಹೀಟರ್ ಹಾಕಿ, ಚಹಾ ತರುತ್ತೇನೆಂದು ರಸ್ತೆ ದಾಟಿದ. ಫೋಟೋ ಆರಿಸಲು ಅವಳು ಅವನ ಫೋನ್ ಇಸಿದುಕೊಂಡಿದ್ದಳು. ಕೊಡುವಾಗ ಅವನು ಒಂದು ಗಳಿಗೆ ತಡೆದಿದ್ದ.

ಒಂದೊಂದೇ ಸರಿಸಿದಳು. ಹಳದಿಯಲ್ಲಿ ಮುಖ ತುಂಬಿಕೊಂಡಂತೆ ಕಾಣುತ್ತಿತ್ತು. ನೀಲಿಯಲ್ಲಿ ಕೊರಳ ಮೂಳೆ ಎದ್ದಿತ್ತು, ಅಳಿಸಿದಳು. ಶಾಲಿನ ಫೋಟೋದಲ್ಲಿ ನಿಜಕ್ಕೂ ಆರೋಗ್ಯವಂತೆ. ಅಮ್ಮ ನಂಬುತ್ತಾಳೆ. ಕನ್ನಡಕ ಏರಿಸಿ, ಪಕ್ಕದ ಮನೆಯವರಿಗೂ ತೋರಿಸಿ, ಇವಳು ದಪ್ಪಗಾಗಿದ್ದಾಳೆ ನೋಡಿ ಎನ್ನುತ್ತಾಳೆ. ಇಡೀ ದಿನದಲ್ಲಿ ಮೊದಲ ಬಾರಿಗೆ ಹಂಸಾಳ ಎದೆ ಹಗುರಾಯಿತು. ಇಷ್ಟಾದರೂ ಕೈಗೂಡಿತಲ್ಲ.

ಆಗ ಪರದೆಯ ಮೇಲಂಚಿನಿಂದ ಪ್ರಶಾಂತನ ಸಂದೇಶ ಇಳಿಯಿತು: "ಭಾವ, ಅಮ್ಮ ತೀರ್ಕೊಳ್ಳೋ ಮುಂಚೆ ತೆಗೆಸಿಟ್ಟ ಫೋಟೋ ಇನ್ನು ಎರಡೇ ಉಳಿದಿವೆ. ಅಕ್ಕನಿಗೆ ಅಷ್ಟು ಸಾಕಾಗುತ್ತಾ?"