ಬೇಯಿಸದ ಸೀರೆ

ಆ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ನೀಲಗಾರರ ಓಣಿಯಲ್ಲಿ ಈಗ ಬಣ್ಣದ ಹಂಡೆಯ ಕೆಳಗೆ ಬೆಂಕಿ ಉರಿಯುವುದು ಒಂದೇ ಮನೆಯಲ್ಲಿ… ಬಾಳವ್ವನ ಮನೆಯಲ್ಲಿ.

ಅಂಗಳದಲ್ಲಿ ಅಳಲೆಕಾಯಿಯ ಪುಡಿ, ಒಣಗಿದ ದಾಳಿಂಬೆ ಸಿಪ್ಪೆಯ ರಾಶಿ. ಮೂಲೆಯಲ್ಲಿ ತುಕ್ಕುಹಿಡಿದ ಕಬ್ಬಿಣವೂ ಬೆಲ್ಲವೂ ಕೂಡಿ ಕೊಳೆಯುತ್ತಿರುವ ಒಂದು ಮಡಕೆ.

ಅವಳ ಕಪ್ಪು ಬಣ್ಣ ಹುಟ್ಟುವುದು ಆ ಮಡಕೆಯಲ್ಲಿ…

ಒಂದು ಮಧ್ಯಾಹ್ನ ಅಂಗಳದ ಮುಂದೆ ಕಾರೊಂದು ನಿಂತಿತು. ಇಳಿದವರು ಪಕ್ಕದ ಪಟ್ಟಣದಲ್ಲಿ ಟೈಲ್ಸ್ ಶೋರೂಮ್ ಇಟ್ಟುಕೊಂಡಿದ್ದ ಒಬ್ಬ ವ್ಯಾಪಾರಿ. ಕೈಯಲ್ಲಿ ಹೆಂಡತಿಯ ಹತ್ತಿ ಸೀರೆ… ಕೆನೆಬಣ್ಣದ್ದು, ಉಟ್ಟು ಉಟ್ಟು ಮೆತ್ತಗಾದದ್ದು.

ಮಡಕೆಯ ವಾಸನೆಗೆ ಅವರು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡರು.

“ಮೂಗ ಮುಚ್ಚಬ್ಯಾಡ್ರೀ ಸಾವ್ಕಾರ್ರ… ಅದೂ ನಿಮ್ಮಂಗ ಬೆಲ್ಲಾ ತಿಂದೇ ಬೆಳದೈತಿ” ಎಂದಳು ಬಾಳವ್ವ.

ಅವರು ನಗಲಿಲ್ಲ. ಅವರ ಮನೆಯಲ್ಲಿ ನಗು ನಿಂತು ಕೆಲವು ತಿಂಗಳುಗಳೇ ಕಳೆದಿದ್ದವು.

ಹುಟ್ಟಿದ ಹೆಣ್ಣುಕೂಸು ವಾರ ತುಂಬುವ ಮೊದಲೇ ಆಸ್ಪತ್ರೆಯಲ್ಲಿ ತೀರಿಹೋಗಿತ್ತು. ಅದೇ ಹೊತ್ತಿಗೆ ಅವರ ತಾಯಿ ಹೃದಯದ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದರು.

ಯಾವ ಆಘಾತವೂ ತಗಲಬಾರದೆಂದು ಡಾಕ್ಟರು ಎಚ್ಚರಿಸಿದ್ದರಿಂದ, ಕೂಸು ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆ ಎಂದೇ ಆ ಮುದುಕಿಗೆ ಬಹಳ ದಿನ ಹೇಳುತ್ತ ಬಂದರು…

ಆದರೆ ವ್ಯಾಪಾರಿಯನ್ನು ಒಳಗೇ ಕೊರೆದದ್ದು ಬೇರೆ. ಹೆಂಡತಿ ಶಾಂಭವಿ ಅಳಲೇ ಇಲ್ಲ.

ಎದ್ದು ಓಡಾಡುವಂತಾದೊಡನೆ ರೊಟ್ಟಿ ಬಡಿದಳು. ಅತ್ತೆಗೆ ಮಾತ್ರೆ ಕೊಟ್ಟಳು. ಹೊಸಿಲಿಗೆ ರಂಗೋಲಿ ಹಾಕಿದಳು. ಕೊನೆಗೆ ಅತ್ತೆಗೂ ವಿಷಯ ತಿಳಿದು ಮನೆಯೆಲ್ಲ ಅತ್ತ ದಿನ, ಅವಳ ಕಣ್ಣು ಮಾತ್ರ ಒಣಗಿಯೇ ಇತ್ತು.

ಒಂದು ದಿನ ವ್ಯಾಪಾರಿಯ ಬಾಯಿಂದ ಮಾತು ಜಾರಿತು… “ನಿಂದು ಹೆತ್ತ ಹೊಟ್ಟೆಯೇ ಅಲ್ಲ.”

ಆಮೇಲೆ ಇಬ್ಬರ ನಡುವೆ ಮಾತು ಉಳಿಯಲಿಲ್ಲ. ಅವಳನ್ನು ತವರಿನಲ್ಲಿ ಬಿಟ್ಟು ಬಂದರು. ಮತ್ತೆ ಕರೆತರುವ ಮನಸ್ಸು ಅವರಿಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಕಾರಿನಿಂದ ಇಳಿಯುವಾಗ ಅವಳು ಕೇಳಿಕೊಂಡದ್ದು ಒಂದೇ… ಈ ಸೀರೆಗೆ ಬಣ್ಣ ಹಾಕಿಸಿ ಕಳಿಸಿ. ಏನೂ ಕಾಣದಷ್ಟು ಕಪ್ಪು.

ಮೊದಲು ಸೋಡಾ ಹಾಕಿ ಸೀರೆಯನ್ನು ಚೆನ್ನಾಗಿ ಬೇಯಿಸಬೇಕು, ಅದಕ್ಕೆಲ್ಲ ದಿನ ಹಿಡಿಯುತ್ತದೆ ಎಂದಳು ಬಾಳವ್ವ. ಒಗೆದ ಸೀರೆಗೆ ಆ ಗೋಜು ಬೇಡವೆಂದರು ಅವರು. ಹೆಂಡತಿಯ ಈ ಕೊನೆಯ ಕೆಲಸವೂ ಮುಗಿದುಹೋಗಲಿ ಎಂಬ ಆತುರ…

“ಬೇಯಿಸಲಿಲ್ಲಂದ್ರ ಬಟ್ಟಿ ತನ್ನ ಹೊಟ್ಟ್ಯಾಗಿಂದೆಲ್ಲಾ ಹೊರಗ ಹಾಕತೈತ್ರೀ. ಆಮ್ಯಾಲ ನನ್ನ ಬೈಬಾರ್ದು ನೋಡ್ರಿ.”

ಬೈಯುವುದಿಲ್ಲವೆಂದು ಹೇಳಿ ಹೋದವರು, ಮುಂದಿನ ವಾರ ಬಂದು ಸೀರೆ ಬಿಚ್ಚಿದೊಡನೆ ಬೈದರು.

ಸೀರೆಯೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಅಲ್ಲಲ್ಲಿ, ಶಾಯಿ ಚೆಲ್ಲಿದಂತೆ, ಕಡುಗಪ್ಪು ಕಲೆಗಳು…

ಬಾಳವ್ವ ಎದುರಾಡಲಿಲ್ಲ. ಯಾರೇನೇ ಹೇಳಲಿ, ತಾನು ಬೇಯಿಸಬೇಕಿತ್ತು ಎಂದುಕೊಂಡಳು. ಕಲೆ ಎಲ್ಲೆಲ್ಲಿ ಕಾಣುತ್ತದೋ ನೋಡೋಣವೆಂದು ಆ ಸೀರೆಯನ್ನು ತಾನುಟ್ಟ ಸೀರೆಯ ಮೇಲೆಯೇ ಸುತ್ತಿಕೊಂಡು ಸೆರಗು ಹೊದ್ದಳು.

ಕಲೆಗಳು ಅವಳ ಎದೆಯ ಮೇಲೆ ಬಂದು ನಿಂತವು… ಅಕ್ಕಪಕ್ಕದಲ್ಲಿ. ಸೆರಗಿನ ತುದಿಯಲ್ಲಿ ಮತ್ತೆ ಮತ್ತೆ ಒತ್ತಿ ಒರೆಸಿಕೊಂಡ ಗುರುತು.

ಅವಳ ಕೈ ಹಾಗೆಯೇ ನಿಂತುಬಿಟ್ಟಿತು.

“ಮನ್ಯಾಗ ಬಾಣಂತಿ ಅದಾರೇನ್ರೀ?”

“ಇದ್ದಳು.”

“ಕೂಸು?”

ಅವರು ಇಲ್ಲವೆಂದು ತಲೆಯಾಡಿಸಿದರು. ಬಾಳವ್ವ ಕಟ್ಟೆಯ ಮೇಲೆ ಕುಳಿತಳು.

“ಇದು ಹಾಲ್ರೀ… ಹಾಲು ಕುಡದ ನೂಲು ಬಣ್ಣಾನ ಬಿಗಿಯಾಗಿ ಹಿಡಕೋತೈತಿ. ಎಷ್ಟ ಸಲ ತೊಳದಾಳೋ ಏನೋ, ನೀವು ತಂದಾಗ ಕಣ್ಣಿಗೆ ಏನೂ ಕಾಣ್ತಿರಲಿಲ್ಲ.”

ಸೀರೆಯನ್ನು ಬಿಚ್ಚಿ ಮಡಚುತ್ತ, ತನಗೇ ಹೇಳಿಕೊಂಡಂತೆ ಅಂದಳು…

“ಕೂಸು ಹೋತು ಅಂತ ಹಾಲಿಗೆ ಯಾರೂ ಹೇಳಿರಂಗಿಲ್ರೀ.”

ಸೀರೆಯನ್ನು ಯಾರ ಕೈಯಲ್ಲಾದರೂ ಕಳಿಸಬೇಕೆಂದಿದ್ದವರು, ತಾವೇ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿಯ ತವರಿಗೆ ಹೋದರು.

ಶಾಂಭವಿ ಒಳಮನೆಯಲ್ಲಿ ಮೊರದ ಮುಂದೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅವರು ಸೀರೆಯನ್ನು ಅವಳ ಮಡಿಲಿನಲ್ಲಿ ಹರಡಿದರು.

ಅವಳು ಒಂದು ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

“ಮುಚ್ಚಲಿಲ್ಲೇನ್ರೀ ಇದು?”

ತನ್ನ ಮುಂದಾದರೂ ಅಳಬಾರದಿತ್ತೇ, ಯಾಕೆ ಹೀಗೆ ಬಚ್ಚಿಟ್ಟೆ ಎಂದು ಅವರು ಕೇಳಿದರು.

ಅವಳು ತಲೆಯೆತ್ತಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ… ಇದ್ದಿದ್ದರೆ ಅವರು ತಡೆದುಕೊಳ್ಳುತ್ತಿದ್ದರೇನೋ.

“ಆಸ್ಪತ್ರಿಯಿಂದ ಬರೋ ಮುಂದ ಕಾರಿನ್ಯಾಗ ನೀವೇ ಹೇಳಿದ್ರಲ್ಲ… ಅವ್ವನ ಎದಿ ತಡಿಯೋದಿಲ್ಲ, ಮನ್ಯಾಗ ಅಳಬ್ಯಾಡ ಅಂತ. ಇನ್ನ ಅಳಬಹುದು ಅಂತ ಆಮ್ಯಾಲ ನೀವು ಹೇಳಲೇ ಇಲ್ಲ.”

ಅವರಿಗೆ ನೆನಪಾಯಿತು. ಸಿಗ್ನಲ್‌ನಲ್ಲಿ ಮುಂದಿನ ಲಾರಿಗೆ ಹಾರ್ನ್ ಒತ್ತುತ್ತ, ಅವಳ ಮುಖವನ್ನೂ ನೋಡದೆ ಆಡಿದ್ದ ಮಾತು…

ಆಡಿದವರು ಮರೆತಿದ್ದರು. ಕೇಳಿದವಳು ನಡೆಸಿಕೊಂಡು ಬಂದಿದ್ದಳು.

ಅವರು ನೆಲಕ್ಕೆ ಕುಸಿದು, ದನಿಯೆತ್ತಿ ಅತ್ತರು. ಶಾಂಭವಿ ಎದ್ದುಹೋಗಿ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು… ಹೊರಗಿನವರಿಗೆ ಕೇಳಿಸದಿರಲಿ ಎಂದು. ಅಷ್ಟು ರೂಢಿಯಾಗಿಹೋಗಿತ್ತು ಅವಳಿಗೆ.

ಸೀರೆಯನ್ನು ಮತ್ತೊಮ್ಮೆ ಕಪ್ಪಿಗೆ ಅದ್ದಿಸಿ ತರಲೇ ಎಂದು ಅವರು ಕೇಳಿದಾಗ, ಬೇಡವೆಂದು ತಲೆಯಾಡಿಸಿದಳು. ಮಡಚಿ, ಕಲೆ ಮೇಲೆ ಬರುವಂತೆ ಎದೆಗೊತ್ತಿಕೊಂಡಳು.

ಆ ದಿನ ಅವಳು ಅವರೊಡನೆ ಹೊರಡಲಿಲ್ಲ. ಮುಂದೆಂದಾದರೂ ಹೊರಟಳೋ ಇಲ್ಲವೋ… ಇದನ್ನು ನನಗೆ ಹೇಳಿದವರಿಗೂ ತಿಳಿಯದು.

ಒಬ್ಬರ ಕಣ್ಣೀರನ್ನು ತಡೆದು ನಿಲ್ಲಿಸಿದವರೇ, ಒಂದು ದಿನ ಮರಳಿ ಬಂದು ಅದನ್ನು ಹರಿಯಗೊಡಬೇಕು.

ನೀವು ಎಂದೋ ಆಡಿ ಮರೆತ ಮಾತಿಗೆ ಕಟ್ಟುಬಿದ್ದು, ಇನ್ನೂ ಅಳದೆ ಉಳಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರೆಯೇ…?