ಮನೆಮಾತಲ್ಲದ ಮುಖ

“ಈ ಮುಖ ನಾನು ಎಲ್ಲೋ ನೋಡಿದ್ದೀನಿ,” ಎಂದರು ತಾತ. ಹುಡುಗ ಎತ್ತಿದ ಟೀ ಲೋಟ ತುಟಿಗೆ ತಲುಪಲೇ ಇಲ್ಲ.

ತಾತ ನಿವೃತ್ತ ಪೊಲೀಸರು. ಠಾಣೆಯ ಗೋಡೆಗೆ ಅಂಟಿಸಿದ ಕಳ್ಳರ ಮುಖಗಳನ್ನು ಜನಜಂಗುಳಿಯಲ್ಲೂ ಹೆಕ್ಕಿ ತೆಗೆಯುತ್ತಿದ್ದವರು. ಮೊಮ್ಮಗಳು ಮೆಚ್ಚಿದ ಈ ಹುಡುಗ ಮೊದಲ ಸಲ ಮನೆಗೆ ಬಂದಿದ್ದ. ತಾತ ಹೂಂ ಅಂದರೆ ಮದುವೆ, ಇಲ್ಲವೆಂದರೆ ಇಲ್ಲ.

“ನಂಗೂ ಹಂಗೇ ಅನ್ನಿಸ್ತಿದೆ ಕಣ್ರೀ. ಬಾಗಿಲು ತೆಗೆದವಳೇ ನಮ್ಮೋರು ಯಾರೋ ಅಂದ್ಕೊಂಡು, ಊರಲ್ಲಿ ಎಲ್ಲಾ ಚೆನ್ನಾಗಿದ್ದಾರಾ ಅಂತ ಕೇಳ್ಬಿಟ್ಟೆ,” ಎಂದರು ಅಜ್ಜಿ.

“ಟಿ.ವಿ.ಲಿ ಬರ್ತೀಯೇನಪ್ಪ?”

“ಇಲ್ಲ ತಾತ. ನಂದು ಕನ್ನಡಕದಂಗಡಿ.”

“ಮನೆಮಾತಾದೋರು ಇರ್ಬೇಕು ರೀ,” ಅಜ್ಜಿ ಹುಡುಗನ ಪರ ವಹಿಸಿದರು.

“ಮನೆಮಾತು ಅನ್ನೋದು ಹೆಸರಿಗೆ ಕಣೇ. ಮುಖ ಕಾಣದೇ ಇದ್ರೂ ಹೆಸರು ಕೇಳಿದ ತಕ್ಷಣ ಮಕ್ಕಳಿಗೂ ಗೊತ್ತಾಗ್ಬೇಕು. ಇವನ ಹೆಸರು ಕೇಳಿದ್ದೇ ಇವತ್ತು, ಮುಖ ಮಾತ್ರ ಗೊತ್ತು. ಅಂಥೋರು ಇರೋದು ಠಾಣೆ ಗೋಡೆ ಮೇಲೆ!”

“ಕಳ್ಳರನ್ನ ಯಾರಾದ್ರೂ ಮನೆಮಾತು ಅಂತಾರಾ? ಒಳ್ಳೇ ಹೆಸರಿಗಷ್ಟೇ ಆ ಮಾತು.”

“ಅದನ್ನೇ ನಾನೂ ಬಡ್ಕೊಳ್ತಿರೋದು!”

ಬಾಗಿಲ ಬಳಿ ಮೊಮ್ಮಗಳು ತುಟಿ ಕಚ್ಚಿಕೊಂಡು ನಿಂತಿದ್ದಳು. ಅಳು ತಡೆಯುತ್ತಿದ್ದಾಳೆಂದೇ ಅಜ್ಜಿ ಅಂದುಕೊಂಡರು.

“ನಿಜ ಹೇಳು,” ತಾತ ಎದ್ದು ನಿಂತರು. “ನಿನ್ನ ಫೋಟೊ ಎಲ್ಲಾದ್ರೂ ಗೋಡೆ ಮೇಲೆ ಹಾಕಿದ್ದಾರಾ?”

“ಹಾಕಿರ್ತಾರೆ ತಾತ. ತುಂಬಾ ಕಡೆ. ಅದೇನಂದ್ರೆ...”

“ಸಾಕು! ಈ ಮದುವೆ...”

ಮೊಮ್ಮಗಳಿಗೆ ಇನ್ನು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಒಳಗೆ ಓಡಿದಳು. ಮಲಗುವ ಕೋಣೆಯಲ್ಲಿ ನೆಂಟರ ಫೋಟೊಗಳ ನಡುವೆ ತೂಗುತ್ತಿದ್ದ ಒಂದನ್ನು ಕಳಚಿ ತಂದು ತಾತನ ಕೈಗಿಟ್ಟಳು. ಈಗಿನ ಗಡ್ಡ, ಕನ್ನಡಕ ಎರಡೂ ಇಲ್ಲದ ಅದೇ ಹುಡುಗ ಅದರೊಳಗಿಂದ ಹಲ್ಲು ಕಿರಿಯುತ್ತಿದ್ದ.

“ಕಾಲೇಜಲ್ಲಿದ್ದಾಗ ಫೋಟೊ ಫ್ರೇಮ್ ಕಂಪನಿಯೋರು ತೆಗೆದಿದ್ದು, ತಾತ. ಮಾರೋ ಫ್ರೇಮಿಗೆಲ್ಲ ಇದನ್ನೇ ಹಾಕಿ ಕಳಿಸ್ತಾರೆ. ಕೊಂಡೋರು ತೆಗೆದು ಅವರ ಫೋಟೊ ಹಾಕ್ಕೋಬೇಕು,” ಎಂದ ಹುಡುಗ.

“ನೋಡಿದ ಮೊದಲ ದಿನವೇ ಗುರುತು ಹಿಡಿದು ಮಾತಾಡಿಸಿದ್ದೆ,” ಎಂದಳು ಮೊಮ್ಮಗಳು.

ತಾತ ಮೆಲ್ಲಗೆ ಕುಳಿತರು. “ಟೀ ಕುಡಿಯಪ್ಪ, ಆರಿಹೋಗುತ್ತೆ. ಮದುವೆಗೆ ನನ್ನದೇನೂ ಅಡ್ಡಿಯಿಲ್ಲ.” ಆಮೇಲೆ ಅಜ್ಜಿಯ ಕಡೆ ತಿರುಗಿ ದನಿ ತಗ್ಗಿಸಿದರು. “ಫೋಟೊದಲ್ಲಿರೋನು ನಿನ್ನ ತವರಿನ ಕಡೆಯೋನು, ಜಗಳ ಯಾಕೆ ಅಂತ ಇಷ್ಟು ವರ್ಷ ಸುಮ್ಮನಿದ್ದೆನಲ್ಲೇ!”

“ಅಯ್ಯೋ! ನಿಮ್ಮ ಕಡೆಯೋನು ಅಂತಲ್ವೇನ್ರೀ ನಾನು ದಿನಾ ಒರೆಸಿದ್ದು!”