ಮೂರನೇ ಸಾಲಿನ ಹೆಣ

ಪರದೆಯ ಮೇಲಿದ್ದ ಆ ಐವತ್ತು ಹೆಣಗಳಲ್ಲಿ ಒಂದಕ್ಕೂ ತಾನು ಬಣ್ಣ ಹಚ್ಚಿರಲಿಲ್ಲ. ಅದು ಮೇಕಪ್ ಅಕ್ಕನಿಗೆ ಗೊತ್ತಾಗಿದ್ದು ಜೊಂಬಿ ಸಿನಿಮಾ ತೆರೆಗೆ ಬಂದ ಮೇಲೆಯೇ.

ಚಿತ್ರದ ಉಳಿದ ಜೊಂಬಿಗಳೆಲ್ಲ ಅವಳ ಕೈಕೆಲಸವೇ. ಎರಡು ತಿಂಗಳು ನಿಂತ ಕಾಲಲ್ಲೇ ನಿಂತು ಕೆನ್ನೆಗಳನ್ನು ಕೊಳೆಸಿದ್ದಳು, ಗಾಯಗಳಿಗೆ ಕೀವು ತುಂಬಿದ್ದಳು. ವಿಮರ್ಶಕರು ಅವುಗಳಿಗೆ ಕ್ಯಾರೇ ಅನ್ನಲಿಲ್ಲ. ‘ಬಸ್ಸು ತಪ್ಪಿಸಿಕೊಂಡವರಂತೆ ಓಡಾಡುವ ಜೊಂಬಿಗಳು’ ಎಂದು ಒಬ್ಬರು ಬರೆದರು. ‘ಚಿತ್ರದಲ್ಲಿ ಜೀವವೇ ಇಲ್ಲ’ ಎಂದು ಇನ್ನೊಬ್ಬರು.

“ಜೊಂಬಿ ಸಿನಿಮಾದಲ್ಲಿ ಜೀವ ಇಲ್ಲ ಅಂದ್ರೆ ಹೊಗಳಿದ್ದೋ ಬೈದಿದ್ದೋ?” ಎಂದು ಚಿತ್ರದ ನಿರ್ದೇಶಕ, ಅಂದರೆ ಅವಳ ತಮ್ಮ, ತಲೆ ಕೆರೆದುಕೊಂಡ.

ಒಂದೇ ಒಂದು ದೃಶ್ಯಕ್ಕೆ ಮಾತ್ರ ಎಲ್ಲರೂ ಬೆಚ್ಚಿಬಿದ್ದಿದ್ದರು. ಕತ್ತಲು. ಸಾಲುಸಾಲಾಗಿ ಕುಳಿತ ಹೆಣಗಳು. ಜೋತುಬಿದ್ದ ಕತ್ತು, ತೆರೆದ ಬಾಯಿ, ಎತ್ತಲೋ ನೆಟ್ಟ ಕಣ್ಣು. ಯಾರನ್ನೂ ಬಿಡದ ಹಿರಿಯ ವಿಮರ್ಶಕರು, ಚಿತ್ರರಂಗದವರ ಬಾಯಲ್ಲಿ ‘ಕತ್ತರಿ’, ಆ ಮೇಕಪ್ಪಿಗೆ ಕೈ ಮುಗಿದುಬಿಟ್ಟಿದ್ದರು. ವಿಮರ್ಶಕರ ಪ್ರಶಸ್ತಿ ಈಕೆಗೇ ಸಲ್ಲಬೇಕು ಎಂದು ಹೆಸರು ಹಾಕಿ ಬರೆದಿದ್ದರು.

ಇಪ್ಪತ್ತು ವರ್ಷ ಅವಳ ಹೆಸರು ಪರದೆಗೆ ಬರುವ ಹೊತ್ತಿಗೆ ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಿದ್ದರು. ಈಗ ಪತ್ರಿಕೆಯ ತಲೆಬರಹದಲ್ಲೇ ಬಂದಿತ್ತು, ಮಾಡದ ಕೆಲಸಕ್ಕೆ.

“ನಿಜ ಹೇಳೋ, ಯಾರವರು? ಬೇರೆ ಮೇಕಪ್ಪಿನವರನ್ನ ಕರೆಸಿದ್ಯಾ?”

“ಯಾರೂ ಮೇಕಪ್ ಮಾಡಿಲ್ಲಕ್ಕ. ಕಂಪ್ಯೂಟರಲ್ಲಿ ಸ್ವಲ್ಪ ಹಸಿರು ಬೆರೆಸಿದೆ, ಅಷ್ಟೇ.”

ಅಕ್ಕ ಕೈಲಿದ್ದ ಬ್ರಷ್ಷು ಕೆಳಗಿಟ್ಟಳು. “ಶವಾಗಾರಕ್ಕೆ ಹೋಗಿದ್ಯೇನೋ?”

“ಛೆ! ಉಸಿರಾಡ್ತಿದ್ರು. ಕೆಲವರಂತೂ ಜೋರಾಗೇ.”

“ಅವರನ್ನ ಕೇಳಿ ತೆಗೆದ್ಯಾ?”

“ಕೇಳೋ ಸ್ಥಿತೀಲಿ ಅವರಿರ್ಲಿಲ್ಲ.”

ಹಾಗಾದರೆ ಯಾವುದೋ ಆಸ್ಪತ್ರೆ. ಪಾಪ, ಯಾರ ಮನೆಯವರೋ ಏನೋ. ಅವಳಿಗೆ ತಮ್ಮನ ಕಿವಿ ಹಿಂಡುವಷ್ಟು ಸಿಟ್ಟು ಬಂತು. ಹಿಂಡುವಷ್ಟರಲ್ಲಿ ಕತ್ತರಿಯವರೇ ನೋಟ್‌ಬುಕ್ ಹಿಡಿದು ಮೇಕಪ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಸಂದರ್ಶನಕ್ಕೆ.

“ಆ ಮೂರನೇ ಸಾಲಿನ ದಡೂತಿ ಆಸಾಮಿ!” ಕುಳಿತುಕೊಳ್ಳುವ ಮೊದಲೇ ಶುರುಮಾಡಿದರು. “ಜೊಲ್ಲು ಗಲ್ಲಕ್ಕಿಳಿದಿದೆ. ಮುಖದಲ್ಲಿ ಬುದ್ಧಿಯ ಗುರುತೇ ಇಲ್ಲ. ಎರಡು ದಿನ ನನಗೆ ನಿದ್ದೆ ಬರ್ಲಿಲ್ಲ. ಏನಮ್ಮ ಹಚ್ಚಿದ್ರಿ ಅವನಿಗೆ?”

“ಏನೂ ಹಚ್ಚಿಲ್ಲ ಸಾರ್.”

“ನೋಡಿ, ದೊಡ್ಡ ಕಲಾವಿದರ ವಿನಯ ಅಂದ್ರೆ ಇದು!” ಅದನ್ನೂ ಬರೆದುಕೊಂಡರು.

ಅವರ ಬೆನ್ನ ಹಿಂದೆ ತಮ್ಮ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ. ಅಕ್ಕನಿಗೂ ಆಸೆಯಿತ್ತು, ಸುಳ್ಳೇಕೆ. ಒಂದು ‘ಹೂಂ’ ಅಂದರೆ ಸಾಕಿತ್ತು. ಆದರೆ ಕಾಯಿಲೆಯವರ ಮುಖ ತೋರಿಸಿ ಹೊಗಳಿಸಿಕೊಂಡರೆ ನಾಳೆ ಬ್ರಷ್ಷು ಹಿಡಿಯಲು ಕೈ ಬರುವುದಿಲ್ಲ.

“ಬರ್ಕೋಬೇಡಿ ಸಾರ್. ಆ ದೃಶ್ಯಕ್ಕೆ ನಾನು ಕೈಯೇ ಹಾಕಿಲ್ಲ. ಪ್ರಶಸ್ತಿ ಬೇಡ. ಪಾಪ, ಅವರ್ಯಾರೋ ಹುಷಾರಿಲ್ಲದವರು. ಎಲ್ಲಿ ತೆಗೆದೆ ಅಂತ ಇವನನ್ನೇ ಕೇಳಿ.”

ಕತ್ತರಿಯವರ ಹುಬ್ಬು ಗಂಟಿಕ್ಕಿತು. “ರೋಗಿಗಳನ್ನ ಕದ್ದು ತೆಗೆದ್ಯೇನಯ್ಯಾ? ಇದನ್ನ ನಾನು ಸುಮ್ನೆ ಬಿಡಲ್ಲ. ಯಾರವರು? ಬೊಗಳು!”

ತಮ್ಮ ಬಾಗಿಲು ಎಷ್ಟು ದೂರವಿದೆ ಎಂದು ಒಮ್ಮೆ ನೋಡಿಕೊಂಡ.

“ನನ್ನ ಹೋದ ವರ್ಷದ ಹಾಸ್ಯಚಿತ್ರ ನಿಮಗೆಲ್ಲ ತೋರಿಸ್ದಾಗ ಸಾರ್, ಎಲ್ಲೆಲ್ಲಿ ನಗ್ತೀರಿ ನೋಡೋಣ ಅಂತ ಪರದೆ ಕೆಳಗೊಂದು ಕ್ಯಾಮೆರಾ ಇಟ್ಟಿದ್ದೆ, ಮೂರನೇ ಸಾಲಲ್ಲಿ ಕೂತಿದ್ದೋರು ನೀವೇ.”